ಅಟ್ಟದಲ್ಲಿ ರಕೂನ್ ಸಂಸಾರ: ಸ್ಕಾರ್ಬರೋ ಮನೆಯ ರಿಪೇರಿ ದಾಖಲೆ

ಅಟ್ಟಕ್ಕೆ ರಕೂನ್ ಸೇರಿಕೊಂಡಿದೆ ಅಂತ ಯಾರಿಗೆ ಹೇಳಿದರೂ ಬರುವ ಸಲಹೆ ಒಂದೇ. ಪಂಜರ ತಂದಿಡಿ, ಹಿಡಿದು ದೂರ ಎಲ್ಲಾದರೂ ಬಿಟ್ಟು ಬನ್ನಿ. ರಕೂನ್ ಅಂದರೆ ಮುಖಕ್ಕೆ ಕಪ್ಪು ಪಟ್ಟಿ, ಬಾಲಕ್ಕೆ ಬಳೆ ಇರುವ, ರಾತ್ರಿ ಓಡಾಡುವ ಇಲ್ಲಿನ ಕಾಡುಪ್ರಾಣಿ. ಕೆನಡಾದ ಟೊರೊಂಟೊದಲ್ಲಿ ಸ್ವಂತ ಮನೆ ಮಾಡಿಕೊಂಡ ಕನ್ನಡದವರಿಗೆ ಈ ತಾಪತ್ರಯ ಹೊಸದಲ್ಲ. ಅದಕ್ಕೇ ಈ ವರ್ಷ ನಮ್ಮ ಮನೆಯಲ್ಲಿ ಏನೇನು ಮಾಡಿದೆ, ಯಾವ ಸಾಮಾನು ಬಳಸಿದೆ, ಯಾಕೆ ಹಾಗೆ ಮಾಡಿದೆ ಅನ್ನೋದನ್ನು ಅಳತೆ ಸಮೇತ ಬರೆದಿಡುತ್ತಿದ್ದೇನೆ. ಇದರಲ್ಲಿ ಪಂಜರದ ಪಾಲು ಚಿಕ್ಕದು. ರಕೂನ್ ಒಳಗೆ ಬರುವ ದಾರಿಯನ್ನು ಹುಡುಕಬೇಕು, ತಾಯಿ ತಾನಾಗಿ ಮರಿ ಎತ್ತಿಕೊಂಡು ಹೊರಡಲು ಸಮಯ ಕೊಡಬೇಕು, ಆಮೇಲೆ ಆ ದಾರಿಯನ್ನು ಗಟ್ಟಿಯಾಗಿ ಮುಚ್ಚಬೇಕು. ಮುಕ್ಕಾಲು ಕೆಲಸ ಇದೇ.

ನಮ್ಮದು ಟೊರೊಂಟೊದ ಪೂರ್ವ ಭಾಗವಾದ ಸ್ಕಾರ್ಬರೋದಲ್ಲಿ 1960ರ ದಶಕದಲ್ಲಿ ಕಟ್ಟಿದ ಒಂದೇ ಅಂತಸ್ತಿನ ಇಟ್ಟಿಗೆ ಮನೆ. ಹೈಲ್ಯಾಂಡ್ ಕ್ರೀಕ್ ಹರಿಯುವ ಕಣಿವೆ ಹತ್ತಿರವೇ ಇದೆ. ಟೊರೊಂಟೊ ಊರಿನ ಉದ್ದಗಲಕ್ಕೂ ಇಂಥ ಹಳ್ಳದ ಕಣಿವೆಗಳಿವೆ. ರಕೂನ್‌ಗಳಿಗೆ ಅವೇ ಮನೆ, ಅವೇ ಹೆದ್ದಾರಿ. ಈ ಊರಿನವರಿಗೆ ಈ ಪ್ರಾಣಿಯ ಮೇಲೆ ಸಿಟ್ಟೂ ಇದೆ, ಪ್ರೀತಿಯೂ ಇದೆ. 2015ರ ಜುಲೈನಲ್ಲಿ ಯಂಗ್ ಸ್ಟ್ರೀಟ್ ಪಕ್ಕ ಒಂದು ರಕೂನ್ ಸತ್ತು ಬಿದ್ದಿತ್ತು. ನಗರಪಾಲಿಕೆಯವರು ಬಂದು ಎತ್ತುವಷ್ಟರಲ್ಲಿ ಜನ ಅದಕ್ಕೆ ಕಾನ್ರಾಡ್ ಅಂತ ಹೆಸರಿಟ್ಟು, ಹೂವು, ಮೇಣದ ಬತ್ತಿ, ಚೌಕಟ್ಟು ಹಾಕಿದ ಫೋಟೊ ಎಲ್ಲ ಇಟ್ಟಿದ್ದರು. ಮರುವರ್ಷ ಅದೇ ಊರು 31 ಮಿಲಿಯನ್ ಡಾಲರ್ ಖರ್ಚು ಮಾಡಿ, ರಕೂನ್ ತೆರೆಯಲಾರದ ಚಿಲಕ ಇರುವ ಹಸಿರು ಕಸದ ಡಬ್ಬ ಹಂಚಲು ಶುರು ಮಾಡಿತು. ಅದನ್ನೂ ತೆರೆಯಲು ಕಲಿತ ರಕೂನ್‌ಗಳಿವೆ.

ಮೊದಲು ಸದ್ದು

ಏಪ್ರಿಲ್ ಕೊನೆಗೆ ಮಲಗುವ ಕೋಣೆಯ ಮೇಲೆ ಸದ್ದು ಶುರುವಾಯಿತು. ಸದ್ದಿನಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ. ಅಳಿಲಾದರೆ ಹಗಲು ಹೊತ್ತು ಸರಸರ ಓಡುತ್ತದೆ. ಇಲಿಯಾದರೆ ಗೋಡೆಯೊಳಗೆ ಕೆರೆಯುತ್ತದೆ. ಇದು ಕತ್ತಲಾದ ಮೇಲೆ, ಆಮೇಲೆ ಬೆಳಗಿನ ಜಾವ, ಮನುಷ್ಯರು ಅಂಬೆಗಾಲಿಟ್ಟ ಹಾಗೆ ಧಪ್ ಧಪ್ ಅಂತ ಭಾರವಾಗಿ ಕೇಳುತ್ತಿತ್ತು. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿಸಿಕೊಂಡು, ಕಬ್ಬೆಕ್ಕು ಇರಬೇಕು ನೋಡು ಅಂದರು. ಮಲೆನಾಡಿನ ಹಂಚಿನ ಮನೆಯಲ್ಲಿ ಬೆಳೆದವರಿಗೆ ರಾತ್ರಿ ಅಟ್ಟದ ಮೇಲೆ ಓಡಾಡುವುದು ಅಂದರೆ ಅದೇ ತಾನೆ. ಆದರೆ ರಕೂನ್ ಅದಕ್ಕಿಂತ ಭಾರ. ಇಲ್ಲಿನ ದೊಡ್ಡ ರಕೂನ್ ಹತ್ತು ಕಿಲೊ ದಾಟಿದರೂ ಆಶ್ಚರ್ಯವಿಲ್ಲ. ಜೊತೆಗೆ ಅದಕ್ಕೆ ಕೈ ಇದೆ. ಮುಂಗಾಲಿನ ಐದು ಬೆರಳಿನಲ್ಲಿ ತಗಡು ಎಬ್ಬಿಸುತ್ತದೆ, ಮೊಳೆ ಸಡಿಲಿಸುತ್ತದೆ.

ಕೆಲವು ದಿನ ಕಳೆದ ಮೇಲೆ ಇನ್ನೊಂದು ಸದ್ದು ಸೇರಿಕೊಂಡಿತು. ಸಣ್ಣಗೆ, ಹಕ್ಕಿ ಚಿಲಿಪಿಲಿಗುಟ್ಟಿದ ಹಾಗೆ. ಆ ಸದ್ದು ಕೇಳಿದರೆ ಪಂಜರದ ವಿಚಾರವನ್ನು ಅಲ್ಲಿಗೇ ಬಿಡಬೇಕು. ಅಟ್ಟದಲ್ಲಿ ಮರಿಗಳಿವೆ ಅಂತ ಅರ್ಥ. ರಕೂನ್ 63 ದಿನ ಗಬ್ಬ ಹೊತ್ತು, ಇಲ್ಲಿ ಮಾರ್ಚ್‌ನಿಂದ ಮೇವರೆಗೆ ಮರಿ ಹಾಕುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ಮರಿ. ಮೊದಲ ಮೂರು ವಾರ ಅವಕ್ಕೆ ಕಣ್ಣೇ ಬಿಟ್ಟಿರುವುದಿಲ್ಲ. ಈ ಹೊತ್ತಿನಲ್ಲಿ ತಾಯಿಯನ್ನು ಹಿಡಿದು ಸಾಗಿಸಿದರೆ ಮರಿಗಳು ಹಸಿದು ಸಾಯುತ್ತವೆ, ಅದೂ ನಮ್ಮ ತಲೆಯ ಮೇಲೇ. ತಾಯಿ ಹೊರಗಿದ್ದಾಗ ತೂತು ಮುಚ್ಚಿದರೂ ಅದೇ ಗತಿ. ಜೊತೆಗೆ ತಾಯಿ ಸುಮ್ನೆ ಕೂರುವುದಿಲ್ಲ, ಮರಿಗಾಗಿ ಛಾವಣಿಯನ್ನೇ ಕಿತ್ತು ಒಳಗೆ ಬರಲು ನೋಡುತ್ತಾಳೆ.

ಕಾನೂನನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 1997ರ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಆಸ್ತಿಗೆ ಹಾನಿಯಾಗುತ್ತಿದ್ದರೆ ಮನೆಯವರು ರಕೂನನ್ನು ಜೀವಂತವಾಗಿ ಹಿಡಿಯಬಹುದು. ಆದರೆ ಹಿಡಿದ 24 ಗಂಟೆಯೊಳಗೆ, ಹಿಡಿದ ಜಾಗದಿಂದ 1 ಕಿಲೋಮೀಟರ್ ಒಳಗೇ ಬಿಡಬೇಕು. ಕಾರಿನಲ್ಲಿ ಹಾಕಿಕೊಂಡು ಹೋಗಿ ಊರಾಚೆ ಬಿಡುವ ಹಾಗಿಲ್ಲ. ಈ ನಿಯಮ ಸರಿಯಾಗಿಯೇ ಇದೆ. ಯಾರ್ಕ್ ವಿಶ್ವವಿದ್ಯಾಲಯದ ಸುಝಾನ್ ಮ್ಯಾಕ್‌ಡೊನಾಲ್ಡ್ ಈ ಊರಿನ ರಕೂನ್‌ಗಳ ಕುತ್ತಿಗೆಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದ್ದಾರೆ. ಅವು ದೊಡ್ಡ ರಸ್ತೆ ದಾಟಲು ಹೋಗದೆ, ಕೆಲವೇ ಬೀದಿಗಳ ಒಳಗೆ ಬದುಕು ನಡೆಸುತ್ತವೆ. ಅಲ್ಲಿನ ಒಂದೊಂದು ಮರ, ಒಂದೊಂದು ಬಿಲ ಅವಕ್ಕೆ ಗೊತ್ತು. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ಅನ್ನಕ್ಕೂ ಗತಿಯಿಲ್ಲ, ಅಡಗಲೂ ಜಾಗವಿಲ್ಲ. ರೋಗವೂ ಜೊತೆಯಲ್ಲೇ ಹೋಗುತ್ತದೆ. 2015ರ ಡಿಸೆಂಬರಿನಲ್ಲಿ ಹತ್ತಿರದ ಹ್ಯಾಮಿಲ್ಟನ್‌ನಲ್ಲಿ ರಕೂನ್ ರೇಬಿಸ್ ಕಾಣಿಸಿಕೊಂಡಿತು. ಆಮೇಲೆ ಸರ್ಕಾರದವರು ಲಸಿಕೆ ತುಂಬಿದ ತಿನಿಸಿನ ತುಂಡುಗಳನ್ನು ವಿಮಾನದಿಂದ ಉದುರಿಸಬೇಕಾಯಿತು. ಇನ್ನೊಂದು ಮಾತು. ನೀವು ಒಂದನ್ನು ಸಾಗಿಸಿದರೂ ತೂತು ಅಲ್ಲೇ ಇರುತ್ತದಲ್ವಾ? ಕಣಿವೆಯಲ್ಲಿ ಜಾಗ ಹುಡುಕುತ್ತಿರುವ ಇನ್ನೊಂದು ಅಲ್ಲಿಗೆ ಬರುತ್ತದೆ.

ತೂತು ಹುಡುಕಿದ್ದು

ಏಣಿ ಹತ್ತುವ ಮೊದಲು ಮನೆ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಬೇಕು. ನೋಡಬೇಕಾದ್ದು ಮೂರು: ಛಾವಣಿಯ ಮೇಲಿನ ಪ್ಲಾಸ್ಟಿಕ್ ಗಾಳಿಗೂಡುಗಳು, ಮುಚ್ಚಳ ಇಲ್ಲದ ಚಿಮಣಿ, ಮತ್ತು ತಗ್ಗಿನ ಛಾವಣಿಯೊಂದು ಎತ್ತರದ ಛಾವಣಿಯ ಸೂರಿಗೆ ಬಂದು ಸೇರುವ ಮೂಲೆ. ಈ ಮೂರನೆಯದೇ ಜಾಸ್ತಿ ಮೋಸ ಮಾಡುವುದು. ನಮ್ಮ ಮನೆಗೆ ಹಿಂದಿನ ಮಾಲೀಕರು ಹಿತ್ತಲ ಕಡೆ ಒಂದು ಕೋಣೆ ಸೇರಿಸಿದ್ದಾರೆ. ಆ ಕೋಣೆಯ ಛಾವಣಿ ಹಳೆಯ ಸೂರಿನ ಕೆಳಗೆ ನುಗ್ಗಿದೆ. ರಕೂನ್ ಆ ತಗ್ಗಿನ ಛಾವಣಿ ಮೇಲೆ ನಿಂತು, ಬೆನ್ನು ಕೊಟ್ಟು ಮೇಲಕ್ಕೆ ಒತ್ತಿದರೆ ಸಾಕು. ಸೂರಿನ ಅಡಿಗೆ ಬಡಿದಿರುವ ಅಲ್ಯೂಮಿನಿಯಂ ಪಟ್ಟಿ, ಅಂದರೆ ಸಾಫಿಟ್, ಎದ್ದು ಬರುತ್ತದೆ. ಅದನ್ನು ಹಿಡಿದಿಟ್ಟಿರುವುದು ಸಣ್ಣ ಸಣ್ಣ ಮೊಳೆ ಮಾತ್ರ.

ಗುರುತುಗಳು ಸ್ಪಷ್ಟವಾಗಿದ್ದವು. ಮಳೆನೀರಿನ ಕೊಳವೆ ಬಿಳಿ ಬಣ್ಣದ್ದು. ಅದರ ಮೇಲೆ ನೆಲದಿಂದ ಸೂರಿನವರೆಗೂ ಜಿಡ್ಡು ಜಿಡ್ಡಾದ ಬೂದು ಮಸಿ, ಮಧ್ಯೆ ಮಧ್ಯೆ ಐದು ಬೆರಳಿನ ಅಚ್ಚು. ಮೂಲೆಯಲ್ಲಿ ಸಾಫಿಟ್ ಒಳಕ್ಕೆ ಮಡಚಿಕೊಂಡಿತ್ತು. ಅದರ ಅಂಚಿಗೆ ಕಂದು ಕಪ್ಪು ಬೆರೆತ ಒರಟು ಕೂದಲು ಸಿಕ್ಕಿಕೊಂಡಿತ್ತು. ತೂತಿನ ಅಗಲ ಏಳು ಇಂಚು. ನಾಲ್ಕು ಇಂಚಿನ ಸಂದಿಯಲ್ಲೇ ರಕೂನ್ ನುಸುಳುತ್ತದೆ. ಇದು ಅದಕ್ಕೆ ಹೆಬ್ಬಾಗಿಲು.

ಅಟ್ಟದಲ್ಲಿ ಯಾರೋ ಇದ್ದಾರಾ ಇಲ್ಲವಾ ಅಂತ ಗೊತ್ತಾಗದಿದ್ದರೆ ಹಳೇ ಪತ್ರಿಕೆ ಉಂಡೆ ಮಾಡಿ ತೂತಿಗೆ ಸಡಿಲವಾಗಿ ತುರುಕಿ. ಬಳಕೆಯಲ್ಲಿರುವ ದಾರಿಯಾದರೆ ಬೆಳಗಾಗುವಷ್ಟರಲ್ಲಿ ಉಂಡೆ ಹೊರಗೆ ಬಿದ್ದಿರುತ್ತದೆ. ನಮ್ಮದು ಛಾವಣಿಯಿಂದ ಹುಲ್ಲಿನ ಮೇಲೆ ಉರುಳಿತ್ತು.

ಅಟ್ಟದೊಳಗೆ

ಹಳೇ ಮನೆಯ ಅಟ್ಟಕ್ಕೆ ಹತ್ತುವವರಿಗೆ ಮೊದಲು ಇನ್ಸುಲೇಶನ್ ನೋಡಿ ಅನ್ನುತ್ತೇನೆ. ಚಳಿ ತಡೆಯಲು ಸುರಿದಿರುವುದು ಬೂದು ಕಂದು ಬಣ್ಣದ, ಹೊಳೆಯುವ ಸಣ್ಣ ಹರಳಿನಂಥದ್ದಾದರೆ ಅದು ವರ್ಮಿಕ್ಯುಲೈಟ್. ಹಳೆಯ ಝೋನೊಲೈಟ್ ಬ್ರ್ಯಾಂಡಿನ ವರ್ಮಿಕ್ಯುಲೈಟ್‌ನಲ್ಲಿ, ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದನ್ನು ಕದಡಲೇಬಾರದು, ಅಲ್ಲಿಂದಲೇ ವಾಪಸ್ ಇಳಿದು ಪರೀಕ್ಷೆ ಮಾಡಿಸಬೇಕು. ನಮ್ಮದು ಗುಲಾಬಿ ಬಣ್ಣದ ಫೈಬರ್‌ಗ್ಲಾಸ್, ಹಾಗಾಗಿ ಮುಂದುವರಿದೆ. ಎನ್95 ಮಾಸ್ಕ್, ಕೈಗವಸು, ಉದ್ದ ತೋಳಿನ ಅಂಗಿ, ತಲೆಗೆ ಕಟ್ಟುವ ಟಾರ್ಚ್. ಕಾಲಿಡುವುದು ತೊಲೆಯ ಮೇಲೆ ಮಾತ್ರ. ತೊಲೆಗಳ ಮಧ್ಯೆ ಇರುವುದು ಬರೀ ಡ್ರೈವಾಲ್, ಅಂದರೆ ತೆಳು ಜಿಪ್ಸಮ್ ಹಲಗೆ, ಕಾಲಿಟ್ಟರೆ ನೇರ ಕೆಳಗಿನ ಕೋಣೆಗೆ.

ಇನ್ಸುಲೇಶನ್ ಮೇಲೆ ಓಡಾಡಿ ಓಡಾಡಿ ಕಾಲುದಾರಿಯೇ ಆಗಿತ್ತು. ಒಂದು ಮೂಲೆಯಲ್ಲಿ ಕಕ್ಕಸು. ರಕೂನ್ ಕಂಡಲ್ಲೆಲ್ಲ ಹೇಲುವುದಿಲ್ಲ, ಒಂದು ಜಾಗ ಗೊತ್ತುಮಾಡಿಕೊಂಡು ಅಲ್ಲಿಗೇ ಹೋಗುತ್ತದೆ. ಸೂರಿನ ಕೊನೆಗೆ, ಛಾವಣಿ ತಗ್ಗಾಗುವ ಕಡೆ, ಇನ್ಸುಲೇಶನ್ ಒತ್ತಿ ಮಾಡಿದ ಗುಳಿಯಲ್ಲಿ ನಾಲ್ಕು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಕಣ್ಣು ಆಗಷ್ಟೇ ಬಿಟ್ಟ ಹಾಗಿತ್ತು. ಮುಖದ ಕಪ್ಪು ಪಟ್ಟಿ ಇದ್ದರೂ ಬಾಲದ ಬಳೆಗಳು ಇನ್ನೂ ಮಸುಕು. ತಾಯಿ ಅವುಗಳ ಹಿಂದೆ ಇದ್ದಳು. ಟಾರ್ಚಿನ ಬೆಳಕು ಬಿದ್ದದ್ದೇ ಎದ್ದು ನಿಂತು, ಬೆನ್ನು ಉಬ್ಬಿಸಿ, ಹಲ್ಲು ಕಿರಿದು ಗುರುಗುಟ್ಟಿದಳು. ಮುಂದೆ ಬರಲಿಲ್ಲ, ಮರಿಗಳನ್ನು ಬಿಟ್ಟು ಹಿಂದೆಯೂ ಹೋಗಲಿಲ್ಲ. ನಾನು ಅವಳ ಕಡೆ ಮುಖ ಇಟ್ಟುಕೊಂಡೇ ಹಿಂದೆ ಸರಿದು ಇಳಿದೆ.

ವನ್ಯಜೀವಿ ಕಂಪನಿಯೊಂದನ್ನು ಕರೆಸಿ ಅಂದಾಜು ಕೇಳಿದ್ದೆ. ಸಾಮಾನಿನ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ, ಆದರೆ ಅವರ ವಿಧಾನ ಒಳ್ಳೆಯದು. ಮರಿಗಳನ್ನು ಕೈಗವಸಲ್ಲಿ ಎತ್ತಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ತೂತಿನ ಪಕ್ಕವೇ ಛಾವಣಿ ಮೇಲೆ ಇಡುತ್ತಾರೆ. ತಾಯಿ ಬಂದು ಒಯ್ಯುತ್ತಾಳೆ. ಅನುಭವ ಇದ್ದವರಿಗೆ ಅದು ಸರಿ. ತಾಯಿ ಪಕ್ಕದಲ್ಲಿರುವಾಗ ತೊಲೆ ಮೇಲೆ ಮಂಡಿಯೂರಿ ಮರಿಗೆ ಕೈಹಾಕುವುದು ಮನೆಯವರು ಮಾಡುವ ಕೆಲಸ ಅಲ್ಲ. ನಾನು ಬೇರೆ ದಾರಿ ಹಿಡಿದೆ.

ತಾಯಿಯನ್ನು ಹೊರಡಿಸಿದ್ದು

ತಾಯಿ ರಕೂನಿಗೆ ಗೂಡು ಒಂದೇ ಇರುವುದಿಲ್ಲ. ಟೊಳ್ಳು ಮರ, ಯಾರದೋ ಗ್ಯಾರೇಜು, ಹಳೇ ಚಿಮಣಿ ಅಂತ ಎರಡು ಮೂರು ಜಾಗ ಅವಳಿಗೆ ಗೊತ್ತಿರುತ್ತದೆ. ಈಗಿರುವ ಜಾಗ ನೆಮ್ಮದಿಯಾಗಿಲ್ಲ ಅನ್ನಿಸಿದರೆ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಅಲ್ಲಿಗೆ ಸಾಗಿಸುತ್ತಾಳೆ. ನಾವು ಮಾಡಬೇಕಾದ್ದು ಆ ನೆಮ್ಮದಿಯನ್ನು ಸ್ವಲ್ಪ ಕೆಡಿಸುವುದು, ಅಷ್ಟೇ. ಬೆದರಿಸಬಾರದು. ಬೆದರಿದರೆ ಮರಿಯನ್ನು ಬಿಟ್ಟು ಓಡಬಹುದು, ಇಲ್ಲವೇ ಗೋಡೆಯೊಳಗೆ ಇನ್ನೂ ಆಳಕ್ಕೆ ಇಳಿಯಬಹುದು.

ಕತ್ತಲು, ನಿಶ್ಶಬ್ದ, ಏಕಾಂತ. ಈ ಮೂರಕ್ಕೇ ಅವಳು ಅಟ್ಟಕ್ಕೆ ಬಂದಿರುವುದು. ಹಾಗಾಗಿ ಗುಳಿಯ ಕಡೆ ಮುಖ ಮಾಡಿ ಎಲ್‌ಇಡಿ ವರ್ಕ್‌ಲೈಟ್ ಇಟ್ಟೆ. ಎಲ್‌ಇಡಿಯೇ ಬೇಕು, ಹ್ಯಾಲೊಜನ್ ದೀಪದ ಬಿಸಿಗೆ ಇನ್ಸುಲೇಶನ್ ಹತ್ತಿಕೊಳ್ಳಬಹುದು. ಅಟ್ಟದ ಬಾಯಿಯ ಪಕ್ಕ ರೇಡಿಯೊ ಇಟ್ಟು, ಸಂಗೀತ ಬೇಡ ಅಂತ ಮಾತಿನ ಸ್ಟೇಷನ್ ಹಚ್ಚಿದೆ. ಮನುಷ್ಯರ ಮಾತು ಎಡಬಿಡದೆ ಕೇಳುತ್ತಿರಬೇಕು. ಬೆಳಕೂ ಸದ್ದೂ ಹಗಲಿಡೀ ಇರಲಿ, ಯಾಕೆಂದರೆ ಅವಳು ಮಲಗುವುದು ಹಗಲು. ಸಂಜೆಯಾದ ಮೇಲೆ ಹಿತ್ತಲಿನ ದೀಪ ಆರಿಸಿ, ನಾಯಿಯನ್ನೂ ಮಕ್ಕಳನ್ನೂ ಒಳಗೆ ಕರೆದು, ಅವಳು ಹೊರಡುವ ದಾರಿಯನ್ನು ಖಾಲಿ ಬಿಡಬೇಕು. ಮಳೆ, ಚಳಿ ಇಲ್ಲದ ದಿನಗಳನ್ನು ಆರಿಸಿಕೊಂಡೆ. ಒದ್ದೆಯಾದ ಮರಿಗಳು ತಂಪಿಗೆ ತಡೆಯುವುದಿಲ್ಲ.

ಅಮೋನಿಯಾ ಬಟ್ಟೆ ಇಡಿ, ನುಸಿಗುಳಿಗೆ ಎಸೆಯಿರಿ ಅಂತ ಹೇಳುವವರು ತುಂಬಾ ಜನ. ದಯವಿಟ್ಟು ಬೇಡ. ಓಡಲಾಗದ ಮರಿಗಳ ಕಣ್ಣು, ಶ್ವಾಸ ಸುಡುತ್ತದೆ. ನುಸಿಗುಳಿಗೆಯ ಹೊಗೆ ನಿಮ್ಮ ಮಲಗುವ ಕೋಣೆಗೂ ಇಳಿಯುತ್ತದೆ.

ಆಮೇಲೆ ಕಾಯುವುದೇ ಕೆಲಸ. ಒಂದು ರಾತ್ರಿ ಅಡುಗೆಮನೆಯ ಕತ್ತಲಲ್ಲಿ ಕಿಟಕಿ ಪಕ್ಕ ನಿಂತಿದ್ದೆ. ತಾಯಿ ಮೂಲೆಯಿಂದ ತಲೆ ಹೊರಹಾಕಿದಳು. ಬಾಯಲ್ಲಿ ಮರಿ, ಕುತ್ತಿಗೆಯ ಹಿಂದಿನ ಚರ್ಮ ಕಚ್ಚಿಕೊಂಡಿದ್ದಳು. ಮರಿ ಕೈಕಾಲು ಮಡಚಿಕೊಂಡು ಅಲ್ಲಾಡದೆ ತೂಗುತ್ತಿತ್ತು. ತಗ್ಗಿನ ಛಾವಣಿ ಮೇಲೆ ಮರಿಯನ್ನು ಒಮ್ಮೆ ಕೆಳಗಿಟ್ಟು, ಹಿಡಿತ ಬದಲಿಸಿದಳು. ಆಮೇಲೆ ಮಳೆನೀರಿನ ಕೊಳವೆ ಹಿಡಿದು ತಲೆ ಕೆಳಗಾಗಿಯೇ ಇಳಿದಳು. ರಕೂನ್ ಹಿಂಗಾಲನ್ನು ಪೂರ್ತಿ ಹಿಂದಕ್ಕೆ ತಿರುಗಿಸಬಲ್ಲದು. ಅದಕ್ಕೇ ಬೆಕ್ಕಿನ ಹಾಗೆ ಹಿಮ್ಮುಖವಾಗಿ ತಡವರಿಸುವುದಿಲ್ಲ. ಹಿಂಗಾಲಿನ ಉಗುರು ಮೇಲೆ ಕಚ್ಚಿಕೊಂಡಿರುತ್ತದೆ, ಮುಂಗಾಲು ಕೆಳಗೆ ತಡಕುತ್ತದೆ. ಬೇಲಿ ಮೇಲೆ ನಡೆದು ಕಣಿವೆ ಕಡೆಯ ದೊಡ್ಡ ಮೇಪಲ್ ಮರದತ್ತ ಹೋದಳು. ಸ್ವಲ್ಪ ಹೊತ್ತಿಗೆ ಖಾಲಿ ಬಾಯಲ್ಲಿ ವಾಪಸ್ ಬಂದಳು. ಹಾಗೆ ನಾಲ್ಕೂ ಮರಿ ಹೋದವು. ಪ್ರತಿ ಸಲವೂ ತಗ್ಗಿನ ಛಾವಣಿಯ ಅದೇ ಜಾಗದಲ್ಲಿ ಮರಿಯನ್ನು ಇಟ್ಟು ಹಿಡಿತ ಬದಲಿಸುತ್ತಿದ್ದಳು. ಒಬ್ಬಳೇ ಅಷ್ಟು ಭಾರ ಹೊತ್ತು ಅಷ್ಟು ಸಲ ಓಡಾಡಿದ್ದು ನೋಡಿ, ಅವಸರಪಟ್ಟು ಪಂಜರ ಇಡದೇ ಇದ್ದದ್ದಕ್ಕೆ ನನಗೆ ಸಮಾಧಾನವಾಯಿತು.

ಒನ್‌ವೇ ಬಾಗಿಲು

ಮರುದಿನವೇ ತೂತು ಮುಚ್ಚಬಾರದು. ತಾಯಿ ಹಳೇ ಗೂಡಿಗೆ ಮತ್ತೆ ಬಂದು ನೋಡುತ್ತಾಳೆ. ಒಳಗೆ ಇನ್ನೊಂದು ಉಳಿದಿದ್ದರೂ ಇರಬಹುದು. ಅದಕ್ಕೇ ಒನ್‌ವೇ ಬಾಗಿಲು. ಒಳಗಿದ್ದದ್ದು ಹೊರಗೆ ಬರಬಹುದು, ಹೊರಗಿದ್ದದ್ದು ಒಳಗೆ ಹೋಗಲಾಗದು. ಮರಿಗಳು ಒಳಗೆ ಇಲ್ಲ ಅಂತ ಕಣ್ಣಾರೆ ನೋಡಿದ ಮೇಲೆ ಮಾತ್ರ ಇದನ್ನು ಹಾಕಬೇಕು. ನಾನು ಮತ್ತೆ ಅಟ್ಟ ಹತ್ತಿ, ಗುಳಿಯನ್ನೂ ಸೂರಿನ ಉದ್ದಕ್ಕೂ ಎಲ್ಲ ಸಂದಿಗಳನ್ನೂ ನೋಡಿ ಬಂದೆ.

ಅಂಗಡಿಯಲ್ಲಿ ಸಿಗುವ ಬಾಗಿಲುಗಳಿವೆ, ಆದರೆ ನಮ್ಮ ಮೂಲೆಯ ಕೋನಕ್ಕೆ ಕೂರುವುದಿಲ್ಲ. ಹಾಗಾಗಿ ನಾನೇ ಮಾಡಿದೆ. 2x2 ಪೈನ್ ಮರದ ಎರಡು ಚೌಕಟ್ಟು, ಒಳ ಅಳತೆ 10 ಇಂಚು ಅಗಲ, 10 ಇಂಚು ಎತ್ತರ. ಎರಡರ ಮಧ್ಯೆ 12 ಇಂಚು ಉದ್ದದ ಸುರಂಗ. ಸುರಂಗದ ನಾಲ್ಕೂ ಮೈಗೆ ಅರ್ಧ ಇಂಚು ಕಣ್ಣಿನ, 16 ಗೇಜಿನ ವೆಲ್ಡೆಡ್ ಜಾಲರಿ. ಕೋಳಿಗೂಡಿಗೆ ಹಾಕುವ ತೆಳು ಜಾಲರಿ ಸಾಲದು, ರಕೂನ್ ಅದನ್ನು ಕೈಯಲ್ಲೇ ಬಿಡಿಸುತ್ತದೆ. ಹೊರಗಿನ ಚೌಕಟ್ಟಿಗೆ ಅಲ್ಯೂಮಿನಿಯಂ ಹಾಳೆಯ ಕದ, ಮೇಲ್ಗಡೆ ಎರಡು ಸ್ಟೀಲ್ ಕೀಲು. ಆ ಚೌಕಟ್ಟನ್ನು ಸ್ವಲ್ಪ ಓರೆ ಮಾಡಿ ನಿಲ್ಲಿಸಿದೆ, ಕೆಳ ಅಂಚು ಮೇಲಿನದಕ್ಕಿಂತ ಮುಂದಕ್ಕೆ. ಹಾಗಾಗಿ ಕದ ತನ್ನ ಭಾರಕ್ಕೇ ಚೌಕಟ್ಟಿನ ಮೇಲೆ ಒರಗಿ ಮುಚ್ಚಿಕೊಳ್ಳುತ್ತದೆ. ಜೊತೆಗೆ ಒಂದು ಮೆದು ಸ್ಪ್ರಿಂಗ್, ಗಾಳಿಗೆ ಪಟಪಟ ಅನ್ನದಿರಲಿ ಅಂತ.

ಎಲ್ಲ ಇರುವುದು ಕದದ ಅಂಚಿನಲ್ಲಿ. ರಕೂನಿನ ಬೆರಳಿಗೆ ಒಂದು ಅಂಚು ಸಿಕ್ಕರೆ ಮುಗಿಯಿತು, ಎಳೆದು ತೆರೆಯುತ್ತದೆ. ಅದಕ್ಕೆ ಕದವನ್ನು ಚೌಕಟ್ಟಿನ ತೂತಿಗಿಂತ ಸುತ್ತಲೂ ಮುಕ್ಕಾಲು ಇಂಚು ದೊಡ್ಡದು ಮಾಡಿ, ಅದರ ಹೊರಗಡೆ ಚೌಕಟ್ಟಿಗೆ ಎರಡು ಪಕ್ಕ ಮತ್ತು ತಳಕ್ಕೆ ಕದದ ದಪ್ಪಕ್ಕಿಂತ ಎತ್ತರದ ಪಟ್ಟಿ ಹೊಡೆದೆ. ಮುಚ್ಚಿದಾಗ ಕದದ ಅಂಚು ಆ ಪಟ್ಟಿಗಳ ಮರೆಯಲ್ಲಿ ಕೂರುತ್ತದೆ, ಬೆರಳು ತೂರಿಸಲು ಸಂದಿ ಇರುವುದಿಲ್ಲ. ಕದದ ಮೂಲೆಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದೆ. ಜಾಲರಿ ಕತ್ತರಿಸಿದ ತಂತಿ ತುದಿಗಳನ್ನೆಲ್ಲ ಹೊರಕ್ಕೆ ಮಡಚಿದೆ. ಹೊರಡುವ ಪ್ರಾಣಿಯ ಹೊಟ್ಟೆ ತರಚಬಾರದು. ಎರಡು ಬೆರಳಲ್ಲಿ ಒತ್ತಿದರೆ ಕದ ತೆರೆಯಬೇಕು, ಇಲ್ಲದಿದ್ದರೆ ಒಳಗಿನದು ಅದನ್ನು ಗೋಡೆ ಅಂದುಕೊಂಡು ವಾಪಸ್ ಹೋಗುತ್ತದೆ.

ಸುರಂಗದ ಒಳ ತುದಿಯಲ್ಲಿ ಜಾಲರಿಯನ್ನು ನಾಲ್ಕು ಇಂಚು ಅಗಲಕ್ಕೆ ಸುತ್ತಲೂ ಹರಡಿ, ಮನೆಯ ಗಟ್ಟಿ ಮರಕ್ಕೆ ಸ್ಕ್ರೂ ಮತ್ತು ಅಗಲ ವಾಷರ್ ಹಾಕಿ ಬಿಗಿದೆ. ಮೊಳೆ ಬೇಡ. ಇದಕ್ಕೂ ಮುಂಚೆಯೇ ಪ್ಲಾಸ್ಟಿಕ್ ಗಾಳಿಗೂಡುಗಳಿಗೆಲ್ಲ ಜಾಲರಿಯ ಪೆಟ್ಟಿಗೆ, ಚಿಮಣಿಗೆ ಸ್ಟೀಲ್ ಮುಚ್ಚಳ ಹಾಕಿಯಾಗಿತ್ತು. ಒಂದು ಕಡೆ ದಾರಿ ಮುಚ್ಚಿದರೆ ಅವಳು ಛಾವಣಿ ಪೂರ್ತಿ ಪರೀಕ್ಷೆ ಮಾಡುತ್ತಾಳೆ ಅಂತ ಗೊತ್ತಿದ್ದರೆ ಈ ಕ್ರಮ ತಪ್ಪುವುದಿಲ್ಲ. ಅವಳು ಬಂದಳು ಕೂಡ. ಬೆಳಿಗ್ಗೆ ಕದದ ಮೇಲೆ ಕೆಸರಿನ ಬೆರಳಚ್ಚು ತುಂಬಾ ಇತ್ತು, ಪಟ್ಟಿಯ ಅಂಚಿನ ಉದ್ದಕ್ಕೂ ತಡಕಿದ್ದಳು. ಕದ ಅಲ್ಲಾಡಿರಲಿಲ್ಲ.

ಮುಚ್ಚಿದ್ದು, ತೊಳೆದದ್ದು

ಗುರುತು ಕಾಣಲಿ ಅಂತ ಅಟ್ಟದಲ್ಲಿ ಹರಡಿದ್ದ ಹಿಟ್ಟಿನ ಮೇಲೆ ಹೊಸ ಹೆಜ್ಜೆ ಬೀಳುವುದು ನಿಂತು ಸುಮಾರು ದಿನವಾದ ಮೇಲೆ ಬಾಗಿಲು ಬಿಚ್ಚಿದೆ. ಬಗ್ಗಿದ ಸಾಫಿಟ್ ತೆಗೆದಾಗ ನಿಜವಾದ ಕಾರಣ ಕಂಡಿತು. ಸೂರಿನ ಅಂಚಿನಲ್ಲಿ ಮಳೆನೀರು ಹಿಡಿಯುವ ಗಟರ್ ಕಟ್ಟಿಕೊಂಡು ನೀರು ಹಿಂದಕ್ಕೆ ಹರಿದು, ಒಳಗಿನ ಹಲಗೆ ಕೊಳೆತು ಪುಡಿಯಾಗಿತ್ತು. ರಕೂನ್ ಮುರಿದದ್ದು ಕೊನೆಯ ಸ್ವಲ್ಪ ಮಾತ್ರ. ಗಟರ್ ಸರಿಮಾಡದೆ ಮೂಲೆಗೆ ಏನು ಬಡಿದರೂ ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದು, ಮುಕ್ಕಾಲು ಇಂಚಿನ ಪ್ಲೈವುಡ್ಡನ್ನು 3 ಇಂಚಿನ ಡೆಕ್ ಸ್ಕ್ರೂ ಹಾಕಿ ಕೂರಿಸಿದೆ. ಅದರ ಹೊರಗೆ ಜಾಲರಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಒಂದು ಮೈ ಗೋಡೆಗೆ, ಇನ್ನೊಂದು ಮೈ ತಗ್ಗಿನ ಛಾವಣಿಗೆ ಹಂಚಿನ ಹಾಗೆ ಹೊದಿಸಿರುವ ಶಿಂಗಲ್ ಅಡಿಗೆ ನುಗ್ಗಿಸಿ ಬಿಗಿದೆ. ಮೇಲೆ ನೀರು ತಡೆಯುವ ತಗಡಿನ ಪಟ್ಟಿ, ಅಂದರೆ ಫ್ಲ್ಯಾಶಿಂಗ್, ಆಮೇಲೆ ಹೊಸ ಸಾಫಿಟ್. ಗಾಳಿಯಾಡುವ ತೂತಿನ ಸಾಫಿಟ್ಟನ್ನೇ ಹಾಕಿ. ಪೂರ್ತಿ ಮುಚ್ಚಿದರೆ ಚಳಿಗಾಲದಲ್ಲಿ ಅಟ್ಟದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಸ್ಪ್ರೇ ಫೋಮ್ ಒಂದನ್ನೇ ತುಂಬಿ ಕೈತೊಳೆದುಕೊಳ್ಳುವವರಿಗೆ ಒಂದು ಮಾತು. ರಕೂನ್ ಅದನ್ನು ಕಿತ್ತು ಎಸೆಯುತ್ತದೆ.

ಕಕ್ಕಸು ತೆಗೆಯುವುದು ಇಡೀ ಕೆಲಸದಲ್ಲಿ ಅತಿ ಎಚ್ಚರದ ಭಾಗ. ರಕೂನಿನ ಮಲದಲ್ಲಿ ಬೇಲಿಸ್ಯಾಸ್ಕರಿಸ್ ಅನ್ನುವ ದುಂಡುಹುಳುವಿನ ಮೊಟ್ಟೆ ಇರಬಹುದು. ಮಲ ಹೊರಬಿದ್ದು ಎರಡರಿಂದ ನಾಲ್ಕು ವಾರದಲ್ಲಿ ಆ ಮೊಟ್ಟೆಗಳು ಸೋಂಕು ಹರಡುವ ಹಂತಕ್ಕೆ ಬರುತ್ತವೆ, ಆಮೇಲೆ ವರ್ಷಗಟ್ಟಲೆ ಬದುಕಿರುತ್ತವೆ. ಮನುಷ್ಯನ ಹೊಟ್ಟೆಗೆ ಹೋದರೆ ಮರಿಹುಳು ಮೆದುಳು, ಕಣ್ಣಿಗೆ ಹರಿಯಬಹುದು. ಅಪರೂಪ, ಆದರೆ ಬಂದರೆ ಬಲು ಕೆಟ್ಟದ್ದು. ಮಣ್ಣು ಬಾಯಿಗೆ ಹಾಕುವ ಸಣ್ಣ ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಸ್ತಿ ಜಾಗ್ರತೆ ಬೇಕು. ಬ್ಲೀಚಿಗೆ ಈ ಮೊಟ್ಟೆ ಸಾಯುವುದಿಲ್ಲ. ಕುದಿಯುವ ನೀರಿಗೆ ಸಾಯುತ್ತದೆ. ಮಾಸ್ಕ್, ಬಿಸಾಡುವ ಮೇಲಂಗಿ, ಕೈಗವಸು ಹಾಕಿ, ದೂಳೇಳದ ಹಾಗೆ ನೀರು ಚಿಮುಕಿಸಿ, ಮಲದ ಜೊತೆ ಅದು ತಾಗಿದ ಇನ್ಸುಲೇಶನ್ನನ್ನೂ ಎರಡು ಪದರದ ಚೀಲಕ್ಕೆ ತುಂಬಿದೆ. ಗುದ್ದಲಿ, ಬಕೆಟ್ಟಿಗೆ ಹಿತ್ತಲಲ್ಲಿ ಕುದಿನೀರು ಸುರಿದೆ. ಅಟ್ಟದಲ್ಲಿ ನೀರು ಸುರಿಯುವ ಹಾಗಿಲ್ಲ, ಅಲ್ಲಿನ ಹಲಗೆಯನ್ನು ಕುದಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಲೆಯಾದ ತುಂಡನ್ನು ಕತ್ತರಿಸಿ ತೆಗೆದೆ.

ಶೆಡ್ಡಿಗೆ ಪಂಜರ

ಪಂಜರ ಬಳಸಿದ್ದು ಆಗಸ್ಟಿನಲ್ಲಿ, ಹಿತ್ತಲ ಮೂಲೆಯ ಹಳೇ ಶೆಡ್ಡಿನಲ್ಲಿ. ಅಲ್ಲಿ ಒಂದು ದೊಡ್ಡ ರಕೂನ್ ಸೇರಿಕೊಂಡಿತ್ತು. ರಾತ್ರಿ ಕ್ಯಾಮೆರಾ ಇಟ್ಟು ನೋಡಿದರೆ ಒಂಟಿ, ಜೊತೆಗೆ ಮರಿಗಳಿಲ್ಲ. ಶೆಡ್ಡಿನ ಕೆಳಹಲಗೆಗಳೆಲ್ಲ ಕೊಳೆತಿದ್ದವು, ಸ್ಕ್ರೂ ಹಿಡಿಯುತ್ತಿರಲಿಲ್ಲ. ಒನ್‌ವೇ ಬಾಗಿಲು ಕೂರಿಸಲು ಗಟ್ಟಿ ಜಾಗವೇ ಇರಲಿಲ್ಲ. ಹಾಗಾಗಿ ಹೊರಗಿನ ಸಂದಿಗಳಿಗೆಲ್ಲ ಕಾಂಕ್ರೀಟ್ ಇಟ್ಟಿಗೆ ಒತ್ತಿಟ್ಟು, ಒಂದೇ ದಾರಿ ಉಳಿಸಿ, ಅದರ ಮುಂದೆ ಪಂಜರ ಇಟ್ಟೆ.

ಪಂಜರ 32 ಇಂಚು ಉದ್ದ, 10 ಇಂಚು ಅಗಲ, 12 ಇಂಚು ಎತ್ತರದ್ದು. ಹುಲ್ಲಿನ ಮೇಲೆ ಇಟ್ಟರೆ ಒಳಗೆ ಸಿಕ್ಕ ಪ್ರಾಣಿ ಕೈಗೆಟುಕಿದ್ದನ್ನೆಲ್ಲ ಕಿತ್ತು ಎಳೆದುಕೊಳ್ಳುತ್ತದೆ, ಬೆರಳೂ ಗಾಯವಾಗುತ್ತದೆ. ಹಾಗಾಗಿ ಅಡಿಗೆ ಕಲ್ಲುಚಪ್ಪಡಿ, ಮೇಲೆ ಒಂದು ಇಟ್ಟಿಗೆ, ಅಲ್ಲಾಡಬಾರದು ಅಂತ. ಹಿಂದಿನ ಅರ್ಧಕ್ಕೆ ಪ್ಲೈವುಡ್ ಕಟ್ಟಿದೆ. ಇಲ್ಲವಾದರೆ ಹೊರಗಿನಿಂದಲೇ ಕೈಹಾಕಿ ತಿನಿಸು ಎತ್ತಿಕೊಳ್ಳುತ್ತದೆ. ತಿನಿಸಿಗೆ ಮಾರ್ಷ್‌ಮ್ಯಾಲೊ ಇಟ್ಟೆ. ಮೀನು, ಬೆಕ್ಕಿನ ಆಹಾರ ಇಟ್ಟರೆ ಪಕ್ಕದ ಮನೆಯ ಬೆಕ್ಕು ಬರುತ್ತದೆ, ಇಲ್ಲವೇ ಸ್ಕಂಕ್ ಅನ್ನುವ ಕಪ್ಪು ಬಿಳುಪಿನ ಸಣ್ಣ ಪ್ರಾಣಿ ಬರುತ್ತದೆ. ಸ್ಕಂಕ್ ಹೊಡೆಯುವ ನಾತ ಇಡೀ ಬೀದಿಗೆ ಸಾಕು. ಪಂಜರವನ್ನು ಕತ್ತಲಾಗುವಾಗ ತೆರೆದಿಟ್ಟು, ಬೆಳಗಾಗುವ ಮೊದಲು ನೋಡಲೇಬೇಕು. ಆಗಸ್ಟಿನ ಬಿಸಿಲಲ್ಲಿ ತಂತಿಯ ಪೆಟ್ಟಿಗೆಯೊಳಗೆ ಬಿಡುವುದು ಕ್ರೌರ್ಯ. ಬೆಳಿಗ್ಗೆ ನೋಡಲು ಆಗುವುದಿಲ್ಲ ಅಂದರೆ ಆ ರಾತ್ರಿ ಪಂಜರ ಮುಚ್ಚಿಡಿ.

ಸಿಕ್ಕಿಬಿದ್ದದ್ದು ಒಂದು ಗಂಡು. ಹಳೇ ಬೆಡ್‌ಶೀಟನ್ನು ಪಂಜರದ ಮೇಲೆ ಹೊದಿಸಿದೆ. ಕತ್ತಲಾದರೆ ಅದು ಗಲಾಟೆ ನಿಲ್ಲಿಸುತ್ತದೆ. ಮೊದಲೇ ಕತ್ತರಿಸಿಟ್ಟಿದ್ದ ಹಲಗೆಯಿಂದ ಉಳಿದ ದಾರಿ ಮುಚ್ಚಿ, ಹೊರಗೆ ಇಟ್ಟಿಗೆ ಒತ್ತಿಟ್ಟು, ಪಂಜರದ ಬಾಯಿಯನ್ನು ಬೇಲಿ ಕಡೆ ತಿರುಗಿಸಿ, ದಪ್ಪ ಚರ್ಮದ ಕೈಗವಸು ಹಾಕಿ ಹಿಂದಿನಿಂದ ಬಾಗಿಲು ಎತ್ತಿದೆ. ಅದು ಬೇಲಿ ಹಾರಿ ಕಣಿವೆ ಕಡೆ ಹೋಯಿತು. ಅದೇ ಹಿತ್ತಲು, ಅದರದೇ ಬೀದಿ. ಆಮೇಲೆ ಶೆಡ್ಡಿನ ಕೆಳಹಲಗೆ ಬದಲಿಸಿ, ಸುತ್ತಲೂ ಒಂದಡಿ ಆಳಕ್ಕೆ ಜಾಲರಿ ಹೂತು, ತಳದಲ್ಲಿ ಇನ್ನೊಂದಡಿ ಹೊರಕ್ಕೆ ಮಡಚಿದೆ. ಅಗೆಯಲು ಬಂದದ್ದಕ್ಕೆ ಆ ಮಡಿಕೆಯೇ ಅಡ್ಡ.

ಕಚ್ಚಿದರೆ, ಪರಚಿದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಕೂಡಲೇ ಡಾಕ್ಟರ ಹತ್ತಿರ ಹೋಗಿ. ಹಗಲಲ್ಲಿ ಕಂಡ ಮಾತ್ರಕ್ಕೆ ರೋಗದ ರಕೂನ್ ಅಂದುಕೊಳ್ಳಬೇಡಿ, ಹಾಲೂಡುವ ತಾಯಿ ಹಗಲಲ್ಲೂ ಆಹಾರ ಹುಡುಕುತ್ತಾಳೆ. ಆದರೆ ತೂರಾಡುತ್ತಿದ್ದರೆ, ಜನ ಹತ್ತಿರ ಹೋದರೂ ಸರಿಯದಿದ್ದರೆ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಇರಬಹುದು. ಈ ಊರಿನ ರಕೂನ್‌ಗಳಲ್ಲಿ ಅದು ಆಗಾಗ ಬರುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ, ನಾಯಿಗೆ ಅಂಟುತ್ತದೆ. ನಗರಪಾಲಿಕೆಯ 311ಕ್ಕೆ ಫೋನ್ ಮಾಡಿ, ನೀವಾಗಿ ಮುಟ್ಟಬೇಡಿ.

ನಮ್ಮವರ ಮನೆಗಳಲ್ಲಿ ಇನ್ನೊಂದು ವಿಷಯ ಇದೆ. ಪಿತೃಪಕ್ಷದಲ್ಲಿ ಕಾಗೆಗೆ ಅಂತ ಹಿತ್ತಲಲ್ಲಿ ಎಡೆ ಇಡುತ್ತೇವೆ, ದಿನಾ ಅನ್ನದ ಅಗುಳು ಹಕ್ಕಿಗೆ ಹಾಕುವ ಹಿರಿಯರೂ ಇದ್ದಾರೆ. ಸಂಜೆಗೆ ಉಳಿದದ್ದು ರಕೂನಿನ ಪಾಲು. ಒಮ್ಮೆ ರುಚಿ ಕಂಡ ಹಿತ್ತಲನ್ನು ಅದು ಮರೆಯುವುದಿಲ್ಲ. 2023ರಿಂದ ಟೊರೊಂಟೊದಲ್ಲಿ ಸ್ವಂತ ಹಿತ್ತಲಲ್ಲೂ ಕಾಡುಪ್ರಾಣಿಗೆ ಆಹಾರ ಹಾಕುವುದಕ್ಕೆ ನಿಷೇಧ ಇದೆ. ನಮ್ಮ ಮನೆಯಲ್ಲಿ ಈಗ ಎಡೆಯನ್ನು ದೇವರ ಮುಂದೆ ಒಳಗೇ ಇಡುತ್ತೇವೆ. ಅತ್ತೆಯವರಿಗೆ ಮೊದಲು ಬೇಸರವಾಯಿತು. ಅಟ್ಟದ ಮರಿಗಳ ಫೋಟೊ ತೋರಿಸಿ, ಇವುಗಳ ತಾಯಿ ಯಾಕೆ ಇಲ್ಲಿಗೆ ಬಂದಳು ಅಂತ ವಿವರಿಸಿದ ಮೇಲೆ ಒಪ್ಪಿದರು.

ಫೆಬ್ರವರಿಯಲ್ಲಿ, ಹೆಣ್ಣು ರಕೂನ್‌ಗಳು ಮರಿ ಹಾಕಲು ಜಾಗ ಹುಡುಕುವ ಮುನ್ನ, ಎಲ್ಲ ಜಾಲರಿಯನ್ನೂ ಒಂದೊಂದಾಗಿ ಎಳೆದು ನೋಡುವುದು, ಗಟರ್ ಖಾಲಿ ಮಾಡುವುದು ಅಂತ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಒನ್‌ವೇ ಬಾಗಿಲು ಈಗ ಎದುರು ಮನೆಯವರ ಗ್ಯಾರೇಜಿನ ಮೇಲಿದೆ. ಅವರ ತೂತು ನಮ್ಮದಕ್ಕಿಂತ ಅಗಲ, ಜಾಲರಿಯ ಅಂಚಿಗೆ ಸುತ್ತಲೂ ಇನ್ನೆರಡು ಇಂಚು ಸೇರಿಸಿ ಕೊಟ್ಟಿದ್ದೇನೆ.